ದುಡಿಮೆಗೆ ಮುಂಚಿನ ಹಾಡು

ಬಾಗಲಕೋಟೆ ಜಿಲ್ಲೆಯ ಹುನ್ನೂರಿನಲ್ಲಿ ಕಬ್ಬಿನ ಹಂಗಾಮು ಶುರುವಾಯಿತೆಂದರೆ ಚಹಾದಂಗಡಿಯ ಮಾತೆಲ್ಲ ಟನ್ನಿನ ಲೆಕ್ಕದಲ್ಲಿ ನಡೆಯುತ್ತದೆ. ಎಕರೆಗೆ ಎಷ್ಟು ಇಳಿಯಿತು, ಫ್ಯಾಕ್ಟರಿಯವರು ಎಷ್ಟು ದರ ಕೊಟ್ಟರು, ಹಿಂದಿನ ವರ್ಷದ ಬಾಕಿ ಬಂತೋ ಇಲ್ಲವೋ. ಅತ್ತ ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಪವರ್‌ಲೂಮಿನ ಸದ್ದು. ಅಲ್ಲಿ ಎಣಿಕೆ ಸೀರೆಯದು; ನೇಯ್ದಷ್ಟು ಕೂಲಿ. ಜಮಖಂಡಿ, ಮುಧೋಳ, ಬೀಳಗಿ ಸೇರಿದ ಈ ಸೀಮೆ ಮೈಮುರಿದು ದುಡಿಯುವವರ ಸೀಮೆ. ಮನುಷ್ಯನನ್ನು ಅವನ ಕೈ ನೋಡಿ ಅಳೆಯುವುದು ಇಲ್ಲಿನ ರೂಢಿ. ಹೊಲಕ್ಕೂ ಮಗ್ಗಕ್ಕೂ ಆ ಅಳತೆ ಸರಿಯೇ.

ಅದೇ ಅಳತೆಗೋಲನ್ನು ದೇವರ ಮುಂದೆಯೂ ಹಿಡಿದಾಗ ತೊಡಕು ಶುರುವಾಗುತ್ತದೆ. ಈ ಭಾಗದಲ್ಲಿ ಕ್ರೈಸ್ತರ ಮನೆಗಳು ಕಡಿಮೆ. ಸಭಾಪಾಲಕರಿಗೆ, ಜನ ಪ್ರೀತಿಯಿಂದ ಕರೆಯುವಂತೆ ಅಯ್ಯನವರಿಗೆ, ಒಂದೊಂದು ಮನೆಯ ಕಷ್ಟಸುಖವೂ ಗೊತ್ತಿರುತ್ತದೆ. ನಾಲ್ಕಾರು ರವಿವಾರ ಮುಖ ತೋರಿಸದ ತರುಣನ ಮನೆಗೆ ಹೋಗಿ, "ಯಾಕಪಾ, ಆರಾಧನೆಗೆ ಬರವಲ್ಲಿ?" ಎಂದು ಕೇಳಿದರೆ ಬರುವ ಉತ್ತರ ಎಲ್ಲ ಊರಲ್ಲೂ ಹೆಚ್ಚುಕಡಿಮೆ ಒಂದೇ. "ನನ್ನ ನಡತಿ ಇನ್ನೂ ನೆಟ್ಟಗಾಗಿಲ್ರಿ ಅಯ್ಯಾರ. ಕುಡಿಯೂದು ಬಿಟ್ಟ ಮ್ಯಾಲ ಬರ್ತೀನ್ರಿ." ಅನುಭವಸ್ಥ ಅಯ್ಯನವರಾದರೆ ಉಪದೇಶಕ್ಕೆ ಇಳಿಯುವುದಿಲ್ಲ. "ಬಿಡೂದು ಆಮ್ಯಾಲ ನೋಡೂಣು. ಮೊದಲ ಬಂದು ಕುಂದ್ರು" ಅನ್ನುತ್ತಾರೆ.

ಮೊದಲು ಬಂದು ಕೂಡಬೇಕೋ, ಮೊದಲು ನೆಟ್ಟಗಾಗಬೇಕೋ ಎಂಬುದು ಕ್ರೈಸ್ತ ಲೋಕದ ಬಹಳ ಹಳೆಯ ಜಗಳ. ಸಭೆಗೆ ತಪ್ಪದೆ ಬರುವವರನ್ನೂ ಅದು ಬಿಟ್ಟಿಲ್ಲ. ಸತ್ಯವೇದವನ್ನು ಈ ವರ್ಷ ಎಷ್ಟು ಓದಿದೆ, ತಪಸ್ಸಿನ ನಲವತ್ತು ದಿನಗಳಲ್ಲಿ ಎಷ್ಟು ಉಪವಾಸ ಹಿಡಿದೆ, ಬೆಳಗಿನ ಪ್ರಾರ್ಥನೆಗೆ ಎಷ್ಟು ಹೊತ್ತು ಮೊಣಕಾಲೂರಿದೆ ಎಂದು ಲೆಕ್ಕ ಇಡುವ ಭಕ್ತರು ಎಲ್ಲ ಸಭೆಗಳಲ್ಲೂ ಇದ್ದಾರೆ. ಲೆಕ್ಕ ಕೂಡಿದ ದಿನ ಬೀಗುತ್ತಾರೆ, ತಪ್ಪಿದ ದಿನ ಕುಗ್ಗುತ್ತಾರೆ. ಎರಡೂ ದಿನ ಅವರ ಕಣ್ಣು ತಮ್ಮ ಮೇಲೆಯೇ ನೆಟ್ಟಿರುತ್ತದೆ. ಆ ಕಣ್ಣನ್ನು ಎತ್ತಿ ದೇವರ ಕಡೆ ತಿರುಗಿಸುವುದೇ ಆರಾಧನೆಯ ಮೊದಲ ಕೆಲಸ.

ಲೂಕನ ಸುವಾರ್ತೆಯಲ್ಲಿ ಅಕ್ಕತಂಗಿಯರಿಬ್ಬರ ಕಥೆ ಬರುತ್ತದೆ. ಯೇಸು ಮನೆಗೆ ಬಂದಿದ್ದಾನೆ. ಅಕ್ಕ ಮಾರ್ಥ ಒಲೆಯ ಮುಂದೆ. ತಂಗಿ ಮರಿಯ ಅತಿಥಿಯ ಪಾದದ ಬಳಿ ಕೂತು ಮಾತು ಕೇಳುತ್ತಿದ್ದಾಳೆ. ಬೀಗರು ಬಂದ ಹೊತ್ತಿನಲ್ಲಿ ಒಬ್ಬಳೇ ಅಡುಗೆಮನೆ ನಿಭಾಯಿಸುವ ಸಂಕಟ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಾರ್ಥ ಬಂದು ದೂರುತ್ತಾಳೆ. ಯೇಸು ಮರಿಯಳ ಪಕ್ಷ ವಹಿಸುತ್ತಾನೆ. ಈ ಕಥೆಯ ಮೇಲೆ ಪ್ರಸಂಗ ಮಾಡುವ ಎಷ್ಟೋ ಗಂಡಸರು, ಮೂರು ಹೊತ್ತು ಬಿಸಿ ರೊಟ್ಟಿ ಉಣ್ಣುವವರೇ, ಮಾರ್ಥಳನ್ನು ಬೈದು ಮುಗಿಸುತ್ತಾರೆ. ಅದು ಅನ್ಯಾಯ. ಅಡುಗೆ ಮಾಡಿದ್ದು ತಪ್ಪೆಂದು ಯೇಸು ಎಲ್ಲಿಯೂ ಹೇಳಿಲ್ಲ. ನೂರೆಂಟು ಚಿಂತೆ ತಲೆಗೆ ಕಟ್ಟಿಕೊಂಡು, ಮನೆಗೆ ಬಂದವನನ್ನೇ ಮರೆತದ್ದನ್ನು ಎತ್ತಿ ತೋರಿಸಿದ, ಅಷ್ಟೆ. ಯೋಹಾನನ ಸುವಾರ್ತೆಯಲ್ಲಿ ಇದೇ ಮಾರ್ಥ ಇನ್ನೊಂದು ಊಟದ ಹೊತ್ತಿಗೆ ಮತ್ತೆ ಕಾಣಿಸಿಕೊಳ್ಳುತ್ತಾಳೆ. ಆಗಲೂ ಬಡಿಸುತ್ತಲೇ ಇದ್ದಾಳೆ. ಗೊಣಗಾಟ ಮಾತ್ರ ಕೇಳಿಸುವುದಿಲ್ಲ.

ಮೊದಲ ತಲೆಮಾರುಗಳ ಕ್ರೈಸ್ತರು ಹೇಗೆ ಬದುಕುತ್ತಿದ್ದರು ಎಂಬುದಕ್ಕೆ ಹೊರಗಿನವರ ಸಾಕ್ಷಿಯೂ ಇದೆ. ಕ್ರಿ.ಶ. 112ರ ಸುಮಾರಿಗೆ ಇಂದಿನ ಟರ್ಕಿಯ ಬಿಥೂನ್ಯ ಪ್ರಾಂತಕ್ಕೆ ಪ್ಲಿನಿ ಎಂಬ ರೋಮನ್ ಅಧಿಕಾರಿಯಿದ್ದ. ಕ್ರೈಸ್ತರೆಂಬ ಆಪಾದನೆ ಹೊತ್ತವರನ್ನು ವಿಚಾರಣೆ ಮಾಡಿ, ಚಕ್ರವರ್ತಿ ಟ್ರಾಜನನಿಗೆ ವರದಿ ಬರೆದ. ಅವನಿಗೆ ಈ ಜನರ ಮೇಲೆ ಯಾವ ಮಮತೆಯೂ ಇರಲಿಲ್ಲ. ಇಬ್ಬರು ದಾಸಿಯರನ್ನು ಚಿತ್ರಹಿಂಸೆ ಕೊಟ್ಟೇ ವಿಚಾರಿಸಿದ. ಅವನಿಗೆ ಸಿಕ್ಕ ಮಾಹಿತಿ ಇಷ್ಟು: ಗೊತ್ತುಪಡಿಸಿದ ಒಂದು ದಿನ ಬೆಳಕು ಹರಿಯುವ ಮೊದಲು ಇವರು ಕೂಡುತ್ತಾರೆ, ಕ್ರಿಸ್ತನನ್ನು ದೇವರೆಂದು ಹಾಡುತ್ತಾರೆ, ಕಳ್ಳತನ, ಹಾದರ, ನಂಬಿಕೆದ್ರೋಹ ಮಾಡುವುದಿಲ್ಲವೆಂದು ಆಣೆ ಇಡುತ್ತಾರೆ. ಈ ವರದಿಯ ಕ್ರಮವನ್ನು ಗಮನಿಸಬೇಕು. ಹಾಡು ಮೊದಲು, ಆಣೆ ಆಮೇಲೆ. ಇದಾಗಿ ನಲವತ್ತು ವರ್ಷಗಳ ಮೇಲೆ ರೋಮಿನಲ್ಲಿ ಜಸ್ಟಿನ್ ಎಂಬ ಕ್ರೈಸ್ತ ವಿದ್ವಾಂಸ ರವಿವಾರದ ಕೂಟವನ್ನು ವಿವರಿಸಿದ. ವಾಚನ, ಪ್ರಸಂಗ, ಪ್ರಾರ್ಥನೆ, ರೊಟ್ಟಿ ಮತ್ತು ದ್ರಾಕ್ಷಾರಸ. ಉಳ್ಳವರು ತಮಗೆ ತೋಚಿದಷ್ಟು ಕೊಡುತ್ತಿದ್ದರು. ಆ ಹಣ ಅನಾಥರು, ವಿಧವೆಯರು, ರೋಗಿಗಳು, ಸೆರೆಯಲ್ಲಿದ್ದವರು, ಪರಸ್ಥಳದಿಂದ ಬಂದವರು ಇವರ ಪಾಲಿಗೆ ಹೋಗುತ್ತಿತ್ತು. ಸೇವೆ ಎಂಬುದು ಆರಾಧನೆಯ ಹೊಟ್ಟೆಯಿಂದಲೇ ಹುಟ್ಟುತ್ತಿತ್ತು.

ಇನ್ನು ಜಾನ್ ವೆಸ್ಲಿಯ ಸಂಗತಿ. ಮೆಥೊಡಿಸ್ಟ್ ಪಂಥಕ್ಕೆ ಮೂಲಪುರುಷನಾದ ಈತ ಆಕ್ಸ್‌ಫರ್ಡಿನಲ್ಲಿದ್ದಾಗ ಪರಿಶ್ರಮದ ಮೂರ್ತಿಯೇ ಆಗಿದ್ದ. ಬುಧವಾರ, ಶುಕ್ರವಾರ ಉಪವಾಸ, ಸೆರೆಮನೆಯ ಭೇಟಿ, ಗಂಟೆಗಂಟೆಗೂ ಆತ್ಮಪರೀಕ್ಷೆ ಮಾಡಿ ಡೈರಿಯಲ್ಲಿ ಬರೆದಿಡುವ ಶಿಸ್ತು. ಆ ಶಿಸ್ತು ಹೊತ್ತೇ ಅಮೆರಿಕದ ಜಾರ್ಜಿಯಾಕ್ಕೆ ಹಡಗು ಹತ್ತಿದ. 1736ರ ಜನವರಿಯಲ್ಲಿ ನಡುಗಡಲಿನಲ್ಲಿ ಬಿರುಗಾಳಿ ಎದ್ದು, ದೊಡ್ಡ ಹಾಯಿ ಚಿಂದಿಯಾಗಿ, ನೀರು ಹಡಗಿನ ಒಳಕ್ಕೆ ನುಗ್ಗಿತು. ಇಂಗ್ಲಿಷರು ಚೀರಾಡಿದರು. ಅದೇ ಹಡಗಿನಲ್ಲಿದ್ದ ಮೊರೇವಿಯನ್ ಪಂಥದ ಜರ್ಮನ್ ಕುಟುಂಬಗಳು ಆಗಷ್ಟೇ ಆರಾಧನೆ ಶುರುಮಾಡಿದ್ದವು. ಹಿಡಿದ ಕೀರ್ತನೆಯನ್ನು ಬಿಡದೆ ಹಾಡಿ ಮುಗಿಸಿದವು. ಹೆದರಿಕೆಯಾಗಲಿಲ್ಲವೇ ಎಂದು ವೆಸ್ಲಿ ಆಮೇಲೆ ವಿಚಾರಿಸಿದ. ಹೆಂಗಸರು ಮಕ್ಕಳೂ ಸಾವಿಗೆ ಅಂಜುವುದಿಲ್ಲ ಎಂಬ ಉತ್ತರ ಅವನನ್ನು ವರ್ಷಗಟ್ಟಲೆ ಕಾಡಿತು. ಜಾರ್ಜಿಯಾದಲ್ಲಿ ಸೋತು ಮರಳಿದ. 1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಸಣ್ಣ ಕೂಟದಲ್ಲಿ, ಪೌಲ ರೋಮಾಪುರದವರಿಗೆ ಬರೆದ ಪತ್ರಿಕೆಗೆ ಜರ್ಮನ್ ಸುಧಾರಕ ಲೂಥರ್ ಬರೆದ ಮುನ್ನುಡಿಯನ್ನು ಯಾರೋ ಓದುತ್ತಿದ್ದಾಗ ಅವನ ಎದೆಯ ಗಂಟು ಸಡಿಲಿತು. ಅಲ್ಲಿಂದಾಚೆಗೂ ಅವನ ದುಡಿಮೆ ಕಡಿಮೆಯಾಗಲಿಲ್ಲ. ಕುದುರೆಯ ಮೇಲೆ ದೇಶವೆಲ್ಲ ಸುತ್ತಿದ. ತಮ್ಮ ಚಾರ್ಲ್ಸ್ 6,000ಕ್ಕೂ ಹೆಚ್ಚು ಗೀತೆ ಬರೆದ. ಅಣ್ಣನ ಪ್ರಸಂಗಗಳನ್ನು ಇಂದು ವಿದ್ವಾಂಸರು ಓದುತ್ತಾರೆ, ತಮ್ಮನ ಗೀತೆಗಳನ್ನು ಜನ ಹಾಡುತ್ತಾರೆ.

ಹಾಡುವ ಜರ್ಮನರ ಈ ಭಕ್ತಿಮಾರ್ಗದ ಇನ್ನೊಂದು ಕವಲು ಕನ್ನಡ ನಾಡಿಗೇ ಬಂತು. 1815ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಕಾಲಿಟ್ಟಿತು. 1851ರಲ್ಲಿ ನಮ್ಮ ನೆರೆಯ, ನೇಕಾರರ ಊರು ಗುಳೇದಗುಡ್ಡದಲ್ಲಿ ನೆಲೆ ಮಾಡಿತು. ಬಂದವರಲ್ಲಿ ಬಹುಪಾಲು ಜನ ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಕಡೆಯ ಭಕ್ತ ಮನೆತನದವರು. ಮನುಷ್ಯ ತನ್ನ ಪುಣ್ಯದಿಂದ ರಕ್ಷಣೆ ಗಳಿಸಲಾರ, ಅದು ಕೃಪೆಯಿಂದಷ್ಟೇ ಬರತಕ್ಕದ್ದು ಎಂಬುದು ಅವರ ಬೋಧನೆಯ ತಿರುಳು. ತಮಾಷೆಯೆಂದರೆ, ಕೃಪೆಯನ್ನು ಸಾರಲು ಬಂದ ಈ ಜನರಷ್ಟು ಗೇಯುವವರನ್ನು ಕನ್ನಡ ನಾಡು ಕಂಡದ್ದು ಅಪರೂಪ.

ಅವರ ಯೋಜನೆಗಳು ಮಣ್ಣುಗೂಡಿದ ಕಥೆಗಳೂ ಇವೆ. ಧಾರವಾಡ, ಹುಬ್ಬಳ್ಳಿಯ ಕಡೆ ಕಾಲಜ್ಞಾನದ ಪಂಥವೊಂದರ ಗುರುಗಳು ಮಿಷನರಿಗಳ ಬಳಿಗೆ ಬಂದು, ತಮ್ಮ ಗ್ರಂಥಗಳಲ್ಲಿ ಹೇಳಿದ ಕಾಲ ಕೂಡಿಬಂದಿದೆ, ಸಾವಿರಾರು ಜನ ನಿಮ್ಮೊಂದಿಗೆ ಸೇರುತ್ತೇವೆ ಎಂದರು. ಮಿಷನರಿಗಳು ಹಿಗ್ಗಿದರು. ಬರುವ ಜನಕ್ಕೆ ನೆಲೆ ಬೇಕಲ್ಲ? 1841ರಲ್ಲಿ ಗದಗ-ಬೆಟಗೇರಿಯ ಹತ್ತಿರ ಮಲ್ಲಸಮುದ್ರದಲ್ಲಿ ಜಮೀನು ದೊರಕಿಸಿ ಬೇಸಾಯದ ವಸಾಹತು ಹೂಡಿದರು. ಹೊಲ ಸಿದ್ಧವಾಯಿತು, ಸಾವಿರಾರು ಜನ ಬರಲಿಲ್ಲ. ವಸಾಹತು ಬಹುಕಾಲ ಬಾಳಲಿಲ್ಲ. ನಕ್ಷೆ ಹಾಕಿ, ಖರ್ಚಿನ ಅಂದಾಜು ಮಾಡಿ ಸಭೆ ಕಟ್ಟಹೊರಟವರಿಗೆ ಉತ್ತರ ಕರ್ನಾಟಕದ ಎರೆಮಣ್ಣು ಕಲಿಸಿದ ಪಾಠ ಇದು.

ಬಾಳಿದ್ದು ಹಾಡು. 1836ರಲ್ಲಿ ಬಂದ ಹೆರ್ಮನ್ ಮೊಗ್ಲಿಂಗ್ ಮತ್ತು ಅವರ ಗೆಳೆಯ ವೈಗ್ಲೆ ಜರ್ಮನ್ ಸ್ತೋತ್ರಗಳನ್ನು ಕನ್ನಡಕ್ಕೆ ತಂದರು. ಅದರ ಜೊತೆಗೇ ಮೊಗ್ಲಿಂಗ್ ಹರಿದಾಸರ ಪದಗಳನ್ನೂ ಬಸವಪುರಾಣವನ್ನೂ ಅಚ್ಚು ಹಾಕಿಸಿದರೆಂಬುದು ಕುತೂಹಲದ ಸಂಗತಿ. ಈ ನಾಡಿನ ಜನ ದೇವರನ್ನು ಹಾಡಿಯೇ ಕಂಡವರು ಎಂಬುದು ಅವರ ಕಿವಿಗೆ ಬಿದ್ದಿತ್ತು. 1853ರಲ್ಲಿ ಬಂದ ಫರ್ಡಿನಾಂಡ್ ಕಿಟ್ಟೆಲ್ ಇನ್ನೂ ಮುಂದೆ ಹೋದರು. 1894ರ ನಿಘಂಟಿನಿಂದ ಅವರ ಹೆಸರು ಎಲ್ಲರಿಗೂ ಗೊತ್ತು. ಅದಕ್ಕೆ ಮೂರು ದಶಕ ಮೊದಲೇ, 1862ರಲ್ಲಿ, ಯೇಸುವಿನ ಚರಿತ್ರೆಯನ್ನು ಕನ್ನಡದ ಪದ್ಯದ ಮಟ್ಟುಗಳಲ್ಲಿ ಹೇಳುವ 'ಕಥಾಮಾಲೆ' ಹೊರತಂದರೆಂಬುದು ಅಷ್ಟಾಗಿ ಗೊತ್ತಿಲ್ಲ. ಕನ್ನಡದ ಗತ್ತಿನಲ್ಲೇ ಕನ್ನಡಿಗ ದೇವರನ್ನು ಹೊಗಳಬೇಕು ಎಂಬ ಹಟ ಅದರ ಹಿಂದೆ ಇತ್ತು. ಇವತ್ತು ಉತ್ತರ ಕರ್ನಾಟಕದ ಹಳ್ಳಿಯ ಸಭೆಗಳಲ್ಲಿ ಹಾರ್ಮೋನಿಯಂ, ತಬಲಾ, ತಾಳ ಹಿಡಿದು ಹಾಡುವ ಧಾಟಿಗೂ ಪಕ್ಕದ ಗುಡಿಯ ಭಜನಾ ಮಂಡಳಿಯ ಧಾಟಿಗೂ ರಕ್ತಸಂಬಂಧವಿದೆ. ಜರ್ಮನ್ ರಾಗದ ಗೀತೆಗೆ ನಿಧಾನವಾಗಿ ಎದ್ದುನಿಲ್ಲುವ ಅಜ್ಜಿಯರು, ದೇಸಿ ಮಟ್ಟು ಶುರುವಾದ ಕೂಡಲೇ ಚಪ್ಪಾಳೆಗೆ ಸಿದ್ಧರಾಗುತ್ತಾರೆ.

ಕರಾವಳಿಯಲ್ಲಿ ಮಿಷನ್ನಿನ ದುಡಿಮೆಯ ಪ್ರತಾಪ ಬೇರೆಯೇ ಮಟ್ಟದ್ದು. ಖಾಕಿ ಬಟ್ಟೆಯ ಬಣ್ಣವನ್ನು ಮಂಗಳೂರಿನ ಮಿಷನ್ನಿನ ನೇಯ್ಗೆಮನೆಯಲ್ಲಿ ರೂಢಿಗೆ ತಂದವರು ಜಾನ್ ಹಾಲರ್ ಎನ್ನುತ್ತಾರೆ. 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದವರು ಜಾರ್ಜ್ ಪ್ಲೆಬ್ಸ್ಟ್. ಮಂಗಳೂರು ಹೆಂಚು ದೇಶ ವಿದೇಶಗಳ ಮಾಡು ಏರಿತು. ಆಮೇಲೆ 1914ರ ಯುದ್ಧ ಬಂತು. ಜರ್ಮನ್ ಮಿಷನರಿಗಳು ಬ್ರಿಟಿಷರಿಗೆ ಶತ್ರುಗಳಾದರು. ಅವರನ್ನು ಕೂಡಿಹಾಕಿ, ಬಳಿಕ ದೇಶದಿಂದ ಕಳಿಸಲಾಯಿತು. ಕಾರ್ಖಾನೆಗಳು 1919ರಲ್ಲಿ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿಯ ಪಾಲಾದವು. ಎರಡು ತಲೆಮಾರುಗಳ ಬೆವರು ಒಂದು ಸರಕಾರಿ ಆಜ್ಞೆಗೆ ಕೈತಪ್ಪಿತು. ರವಿವಾರದ ಗಂಟೆಯನ್ನು ಮಾತ್ರ ಯಾರೂ ಜಪ್ತಿ ಮಾಡಲಾಗಲಿಲ್ಲ. ದೇಶೀ ಅಯ್ಯನವರು, ಉಪದೇಶಿಗಳು, ಸಭೆಯ ಹಿರಿಯರು ಅದೇ ಗೀತೆ, ಅದೇ ಸತ್ಯವೇದ ಹಿಡಿದು ಕೂಟ ನಡೆಸಿಕೊಂಡು ಹೋದರು.

ಆರಾಧನೆ ಮಾಡಿಸಿದ ಇನ್ನೊಂದು ಕೆಲಸವನ್ನು ಹೇಳದಿದ್ದರೆ ಮಾತು ಅರ್ಧವಾಗುತ್ತದೆ. 1844ರ ಜನವರಿಯಲ್ಲಿ ಮಂಗಳೂರಿನ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದಾಗ ಊರಲ್ಲಿ ದೊಡ್ಡ ಗದ್ದಲವಾಯಿತು. ಆತ ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ಅಯ್ಯನವರಾಗಿ ಮರಳಿದರು. ಕೊಡಗಿನಲ್ಲಿ ಕ್ರೈಸ್ತರಾದ ಹೊಲೆಯರಿಗಾಗಿ ಎದ್ದ ಆನಂದಪುರ ಎಂಬ ಊರು ಅವರ ಹೆಸರನ್ನೇ ಹೊತ್ತಿದೆ. ಅಲ್ಲಿಯತನಕ ಒಬ್ಬರ ನೆರಳು ಒಬ್ಬರಿಗೆ ತಾಗದಂತೆ ಬದುಕಿದ್ದ ಎರಡು ಕಡೆಯ ಜನ ಒಂದೇ ಮೇಜಿನ ಮುಂದೆ ಕೂಡಿದರು. ಕರ್ತನ ಭೋಜನದ ಆ ಮೇಜಿಗೆ ಬ್ರಾಹ್ಮಣ ತನ್ನ ಪುಣ್ಯ ತರುವಂತಿರಲಿಲ್ಲ, ಜೀತದಾಳು ತನ್ನ ಅವಮಾನ ತರಬೇಕಾಗಿರಲಿಲ್ಲ. ಇಬ್ಬರೂ ಬರಿಗೈ ಚಾಚಿ ತೆಗೆದುಕೊಳ್ಳುವವರೇ. ಇದರಿಂದ ಕ್ರೈಸ್ತರಲ್ಲಿ ಜಾತಿ ಅಳಿಯಿತೆಂದು ಹೇಳಿದರೆ ಸುಳ್ಳಾದೀತು. ಮದುವೆಯ ಮಾತುಕತೆಯಲ್ಲಿ ಅದು ಇವತ್ತಿಗೂ ಹೊರಗೆ ಬರುತ್ತದೆ. ಹಾಗೆ ಹೊರಬಂದಾಗ ಅದನ್ನು ತಪ್ಪೆಂದು ತೋರಿಸಿಕೊಡುವ ಅಧಿಕಾರ ಆ ಮೇಜಿಗೆ ಇದೆ.

ಕೃಪೆಯೋ ಪ್ರಯತ್ನವೋ ಎಂಬ ಚರ್ಚೆ ಕನ್ನಡಿಗರಿಗೆ ಹೊಸತೇನೂ ಅಲ್ಲ. ಮೇಲುಕೋಟೆಯ ಶ್ರೀವೈಷ್ಣವರನ್ನು ಕೇಳಿದರೆ ಎರಡು ನ್ಯಾಯ ಹೇಳುತ್ತಾರೆ. ಮರಿಕೋತಿ ತಾಯಿಯನ್ನು ತಾನೇ ಗಟ್ಟಿಯಾಗಿ ತಬ್ಬಿಕೊಳ್ಳಬೇಕು. ಬೆಕ್ಕಿನ ಮರಿಯನ್ನಾದರೆ ತಾಯಿಯೇ ಕಚ್ಚಿ ಎತ್ತಿಕೊಂಡು ಹೋಗುತ್ತದೆ. ವಡಗಲೆ ತೆಂಗಲೆಯವರ ಈ ವಾದ ಕೇಳಿ ಜರ್ಮನ್ ಪಂಡಿತ ರುಡಾಲ್ಫ್ ಒಟ್ಟೋ ಬೆರಗಾಗಿ, 1930ರಲ್ಲಿ ಭಾರತದ ಕೃಪಾಮತ ಮತ್ತು ಕ್ರೈಸ್ತಧರ್ಮವನ್ನು ಕುರಿತು ಒಂದು ಪುಸ್ತಕವನ್ನೇ ಬರೆದರು. ನಮ್ಮ ಜಿಲ್ಲೆಯದೇ ಕೂಡಲಸಂಗಮದ ಶರಣರಲ್ಲಿ ಕಾಯಕವೂ ಇದೆ, ಪ್ರಸಾದವೂ ಇದೆ. ದುಡಿದು ತಂದದ್ದನ್ನು ಮೊದಲು ಅರ್ಪಿಸಿ, ಆಮೇಲೆ ಪ್ರಸಾದವೆಂದು ಕೈಯೊಡ್ಡುವ ಈ ನಡೆಯನ್ನು ಬಲ್ಲ ಹುನ್ನೂರಿನ ರೈತನಿಗೆ, ಕ್ರೈಸ್ತರು ರೊಟ್ಟಿಯನ್ನು ದೇವರ ಮುಂದಿಟ್ಟು ಮರಳಿ ಪಡೆಯುವುದು ವಿಚಿತ್ರವಾಗಿ ಕಾಣುವುದಿಲ್ಲ. ಬೆಳಗಾವಿ ಜಿಲ್ಲೆಯ ದೇಶನೂರಿನಲ್ಲಿ ಯೇಸುಸಭೆಯ ಪಾದ್ರಿಗಳು ಕಾವಿ ಉಟ್ಟು, ಶಾಕಾಹಾರ ಹಿಡಿದು, ಕನ್ನಡದಲ್ಲಿ ಪೂಜೆ ನಡೆಸಿದ್ದರ ಹಿಂದೆಯೂ ಈ ನೆರೆಹೊರೆಯ ಪರಿಚಯವಿದೆ. ಅದನ್ನು ಮೆಚ್ಚದವರು ಕ್ರೈಸ್ತರಲ್ಲೇ ಇದ್ದಾರೆ ಅನ್ನಿ.

ಇಷ್ಟಾದ ಮೇಲೆ ಒಂದು ತಕರಾರು ಬಂದೇ ಬರುತ್ತದೆ. ಹಾಡಿ ಕುಣಿದು ಮನೆಗೆ ಹೋಗುವುದೇ ಧರ್ಮವಾದರೆ ಆಳಿನ ಕೂಲಿ ಮುರಿಯುವವನೂ ಭಕ್ತನೇ? ಈ ತಕರಾರನ್ನು ಎಲ್ಲರಿಗಿಂತ ಮೊದಲು ಎತ್ತಿದ್ದು ಸತ್ಯವೇದವೇ. ಕ್ರಿಸ್ತನಿಗೆ ಏಳೆಂಟುನೂರು ವರ್ಷ ಮೊದಲು, ಕುರಿ ಕಾಯುತ್ತಿದ್ದ ಆಮೋಸನೆಂಬ ಪ್ರವಾದಿ ಇಸ್ರಾಯೇಲರ ಉತ್ಸವಗಳ ನಡುವೆ ನಿಂತು, ಬಡವರನ್ನು ತುಳಿಯುವ ಕೈಗಳು ನುಡಿಸುವ ವಾದ್ಯ ದೇವರಿಗೆ ಬರೀ ಗಲಾಟೆ ಎಂದ. ಇಪ್ಪತ್ತನೆಯ ಶತಮಾನದಲ್ಲಿ ಜರ್ಮನಿಯ ಸಭಾಪಾಲಕ ಡೀಟ್ರಿಕ್ ಬಾನ್‌ಹಾಫರ್ ಅದೇ ಮಾತನ್ನು ಬೇರೆ ಬಗೆಯಲ್ಲಿ ಹೇಳಿದರು. ಪಶ್ಚಾತ್ತಾಪ ಬೇಡ, ಶಿಷ್ಯತ್ವ ಬೇಡ, ಕ್ಷಮೆ ಮಾತ್ರ ಬೇಕು ಎನ್ನುವ ಅಗ್ಗದ ಕೃಪೆಯನ್ನು 1937ರ ತಮ್ಮ ಗ್ರಂಥದಲ್ಲಿ ಜಾಡಿಸಿದರು. ಅದೇ ಕಾಲದಲ್ಲಿ ಅವರು ಫಿಂಕನ್‌ವಾಲ್ಡೆ ಎಂಬಲ್ಲಿ ಗುಟ್ಟಾಗಿ ಒಂದು ಪಾಠಶಾಲೆ ನಡೆಸುತ್ತಿದ್ದರು. ಹಿಟ್ಲರನ ಪೊಲೀಸರು ಬಾಗಿಲಲ್ಲಿ ಇರುವಾಗ ಆ ತರುಣರ ದಿನ ಶುರುವಾಗುತ್ತಿದ್ದುದು ಯಾವ ಯೋಜನೆಯಿಂದಲೂ ಅಲ್ಲ, ಎಲ್ಲರೂ ಕೂಡಿ ಹೇಳುವ ಕೀರ್ತನೆ ಮತ್ತು ಪ್ರಾರ್ಥನೆಯಿಂದ. ಹಿಟ್ಲರನನ್ನು ಎದುರಿಸಿ 1945ರ ಏಪ್ರಿಲ್ 9ರಂದು ಗಲ್ಲಿಗೇರಿದ ಆ ಮನುಷ್ಯನನ್ನು ಸೋಮಾರಿ ಭಕ್ತ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಆರಾಧನೆ ಪ್ರಾಮಾಣಿಕವಾಗಿದ್ದಲ್ಲಿ ಧೈರ್ಯ ಅದರ ಬೆನ್ನಿಗೆ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಹುಡುಕಬೇಕಾಗಿಲ್ಲ.

ಈಗ ನಮ್ಮ ಸಭೆಗಳ ಕಡೆಗೆ ಬರೋಣ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಹುಟ್ಟಿದ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್ಐ, ಬೇರೆ ಬೇರೆ ಪಂಥಗಳನ್ನು ಒಂದು ಮಾಡಿತು. ಧಾರವಾಡದಲ್ಲಿ ಅದರ ಉತ್ತರ ಕರ್ನಾಟಕ ಸಭಾಪ್ರಾಂತದ ಕಚೇರಿಯಿದೆ. 1950ರಲ್ಲಿ ಈ ಸಭೆ ಕರ್ತನ ಭೋಜನಕ್ಕೆ ಸಿದ್ಧಪಡಿಸಿದ ಆರಾಧನಾ ಕ್ರಮವನ್ನು ಪಶ್ಚಿಮ ದೇಶದ ಸಭೆಗಳೂ ಕಣ್ಣರಳಿಸಿ ನೋಡಿದವು. ಅದರಲ್ಲಿ ಒಂದು ಗಳಿಗೆಯನ್ನು ಹತ್ತಿರದಿಂದ ನೋಡಬೇಕು. ಅಯ್ಯನವರು ಮೇಜಿನ ಬಳಿಯಿಂದ ಸಮಾಧಾನವನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಕೊಡುವವರು ಪಡೆಯುವವರ ಕೈಯನ್ನು ತಮ್ಮ ಕೈಗಳಲ್ಲಿ ಹಿಡಿಯುತ್ತಾರೆ. ಪಡೆದವರು ಹಿಂದಿನ ಸಾಲಿಗೆ ಹೊರಳಿ ಅದನ್ನೇ ಮಾಡುತ್ತಾರೆ. ಕಬ್ಬಿನ ರವದಿ ಗೀರಿದ ಕೈ, ನೂಲಿಗೆ ಒರಟಾದ ಕೈ, ಶಾಲೆಯ ಮಗುವಿನ ಮಸಿ ಹತ್ತಿದ ಕೈ, ಒಂದಾದ ಮೇಲೊಂದು. ತಾನು ಪಡೆಯದೆ ಇನ್ನೊಬ್ಬರಿಗೆ ದಾಟಿಸಲು ಅಲ್ಲಿ ಯಾರಿಗೂ ಅವಕಾಶವಿಲ್ಲ. ಹೊಲದ ಬದುವಿನ ಸಲುವಾಗಿ ಮಾತು ಬಿಟ್ಟ ಅಣ್ಣತಮ್ಮಂದಿರು ಹಿಂದೆಮುಂದೆ ಕೂತ ರವಿವಾರ ಈ ಗಳಿಗೆ ತುಸು ಬಿಗಿಯಾಗುತ್ತದೆ. ಕೈ ಚಾಚದೆ ಬಿಟ್ಟರೆ ಇಡೀ ಸಭೆ ನೋಡುತ್ತದೆ, ಚಾಚಿದರೆ ಸೋಮವಾರ ಬದುವಿನ ಮೇಲೆ ಮಾತಾಡಬೇಕಾಗುತ್ತದೆ.

ಅಯ್ಯನವರು ಪ್ರತಿ ವಾರ ಬರಲಾಗದ ಸಣ್ಣ ಊರುಗಳಲ್ಲಿ ಆರಾಧನೆ ನಿಲ್ಲಬೇಕಾದ ಕಾರಣವಿಲ್ಲ. ಕರ್ತನ ಭೋಜನಕ್ಕೆ ದೀಕ್ಷೆ ಹೊಂದಿದವರೇ ಬೇಕು, ನಿಜ. ಉಳಿದದ್ದನ್ನು ಸಭೆಯ ಹಿರಿಯರು ನಡೆಸಬಹುದು: ಎರಡು ಗೀತೆ, ಒಂದು ಕೀರ್ತನೆ, ಸುವಾರ್ತೆಯ ಒಂದು ಭಾಗ, ಊರಿನ ರೋಗಿಗಳ ಮತ್ತು ಸಾಲಗಾರರ ಹೆಸರು ಹಿಡಿದು ಪ್ರಾರ್ಥನೆ. ಓದು ಬಾರದ ಅಜ್ಜ ಬಾಯಿಪಾಠದ ಗೀತೆಯನ್ನು ಮೊದಲು ಎತ್ತಿಕೊಂಡರೆ ಕಾಲೇಜು ಓದಿದ ಮೊಮ್ಮಗಳು ದನಿಗೂಡಿಸುತ್ತಾಳೆ. ಕಟಾವಿನ ಹಂಗಾಮಿನಲ್ಲಿ ರವಿವಾರವೂ ಗಾಡಿ ಬರುವುದರಿಂದ, ಅಂಥ ಮನೆಗಳವರು ಶನಿವಾರ ರಾತ್ರಿ ಊಟಕ್ಕೆ ಮುಂಚೆ ಕೂಡಿದರೂ ನಡೆದೀತು.